ಸೆಗೆಡ್‌ನಲ್ಲಿ ರಾತ್ರಿ ಪಾಳಿ

ಮೊದಲಿನ ಕಾರ್ಖಾನೆಯಲ್ಲಿ ಹೆಕ್ಸೇನ್ ಇತ್ತು,
ಪೆಟ್ರೋಲಿನ ದಾಯಾದಿ.
ಮೆಣಸಿನ ಪುಡಿಯೊಳಕ್ಕೆ ನುಗ್ಗಿ ಬಣ್ಣ ಕದ್ದು ತರುತ್ತಿತ್ತು,
ಬರುವಾಗ ನನ್ನ ತಲೆಗೂದಲನ್ನೂ ಸವರಿ ಹೋಗುತ್ತಿತ್ತು.
ಹನ್ನೊಂದು ವರ್ಷ. ಮೂರು ಸಲ ಮಿಂದರೂ
ದಿಂಬಿಗೆ ಅದೇ ವಾಸನೆ.
ಮುತ್ತು ಕೊಡಲು ಓಡಿಬಂದ ಮಗಳು
ಮೂಗು ಸಿಂಡರಿಸಿ ವಾಪಸು ಹೋದದ್ದು
ಸಂಬಳದ ಚೀಟಿಯಲ್ಲಿ ಎಲ್ಲೂ ನಮೂದಾಗಲಿಲ್ಲ.

ಇಲ್ಲಿ ಹಾಗಿಲ್ಲ.
ಇಲ್ಲಿ ಕೆಲಸಕ್ಕೆ ಇಟ್ಟುಕೊಂಡಿರುವುದು ಗಾಳಿಯನ್ನು:
ರಸ್ತೆಯಾಚೆ ಬಿಯರ್ ಹುದುಗುವ ಪೀಪಾಯಿಗಳು
ಸುಮ್ಮನೆ ಆಕಾಶಕ್ಕೆ ಬಿಡುತ್ತಿದ್ದ ಉಸಿರು.
ನೀವೂ ನಾನೂ ಈಗಷ್ಟೇ ಹೊರಗೆ ಬಿಟ್ಟೆವಲ್ಲ, ಅದೇ.
ಅದನ್ನು ಉಕ್ಕಿನ ಕೊಡದಲ್ಲಿ ಕೂಡಿಹಾಕಿ
ಹಿಂಡುತ್ತೇವೆ, ಮೂರು ಕಿಲೋಮೀಟರ್ ಕಡಲಡಿಯ ಭಾರ.
ಬಿಸಿ ಮಾತ್ರ ನಲವತ್ತು ಡಿಗ್ರಿ,
ಜ್ವರ ಬಂದ ಮಗುವಿನ ಹಣೆಯಷ್ಟು.
ಆಗ ಅದು ಎಡಬಿಡಂಗಿಯಾಗುತ್ತದೆ:
ನೀರಂತೆ ಕರಗಿಸುತ್ತದೆ, ನೀರಲ್ಲ;
ಗಾಳಿಯಂತೆ ನುಸುಳುತ್ತದೆ, ಗಾಳಿಯೂ ಅಲ್ಲ.
ಗಾಜಿನ ಕಿಂಡಿಯಲ್ಲಿ ಆ ಗಳಿಗೆ ಕಾಣುತ್ತದೆ:
ನಡುವಿನ ಗೆರೆ ನಡುಗಿ, ಮಸುಕಾಗಿ,
ಎಲ್ಲಿತ್ತು ಎಂದು ಕೇಳುವಷ್ಟರಲ್ಲಿ ಇರುವುದಿಲ್ಲ.
ಲೋರಂತ್ ಎಷ್ಟೋ ಸಲ ನೋಡಿದ್ದಾನೆ.
ಈಗಲೂ ಕಾಫಿ ಆರಲು ಬಿಟ್ಟು
ಕಿಂಡಿಗೆ ಮೂಗು ಒತ್ತಿ ನಿಲ್ಲುತ್ತಾನೆ.

ನಸುಕಿನ ನಾಲ್ಕಕ್ಕೆ ನಾನು ಕವಾಟ ತಿರುಗಿಸುತ್ತೇನೆ.
ಭಾರ ಇಳಿದದ್ದೇ ತಡ,
ಹೊತ್ತು ತಂದದ್ದನ್ನೆಲ್ಲ ಅಲ್ಲೇ ಇಳಿಸಿ
ಉಸಿರು ಮತ್ತೆ ಉಸಿರಾಗಿ ಕೊಳವೆ ಹತ್ತುತ್ತದೆ.
ಒಳ್ಳೆಯ ನೆಂಟ. ಹಾಸಿಗೆ ಮಡಿಸಿಟ್ಟು ಹೋಗುತ್ತಾನೆ,
ಹೊಸಿಲ ಮೇಲೆ ಕೆಸರ ಹೆಜ್ಜೆಯೂ ಇಲ್ಲ.
ತಳದಲ್ಲಿ ಜೇನಿಗಿಂತ ಮಂದವಾಗಿ
ಕೆಂಪು.
ಕಣ್ಣಿಗೆ ಒಳ್ಳೆಯದಂತೆ, ಹೃದಯಕ್ಕೂ ಅಂತೆ;
ಆ ‘ಅಂತೆ’ಗಳನ್ನು ಅಳೆಯುವವರು
ಮೇಲಿನ ಮಹಡಿಯಲ್ಲಿದ್ದಾರೆ.

ಬಾಗಿಲಿಗೆ ಹಸಿರು ಎಲೆಯ ಚಿತ್ರ ಅಂಟಿಸಿದ್ದಾರೆ.
ಇಡೀ ರಾತ್ರಿ ಗುಡುಗುವ ಪಂಪಿಗೆ
ಎಷ್ಟು ಕರೆಂಟು ಎಂದು ಆ ಎಲೆ ಹೇಳುವುದಿಲ್ಲ.
ಮೀಟರು ನನ್ನ ಬೆನ್ನ ಹಿಂದೆಯೇ ಇದೆ, ಓದುತ್ತೇನೆ,
ಪುಸ್ತಕದಲ್ಲಿ ಬರೆಯುತ್ತೇನೆ, ಸುಳ್ಳು ಬರೆಯುವುದಿಲ್ಲ.
ಆದರೂ ದಿಂಬು ಈಗ
ಬರೀ ದಿಂಬಿನ ವಾಸನೆಯದು.

ಉಳಿದ ಹಿಂಡಿ ಬಿಳಿಚಿಕೊಂಡಿರುತ್ತದೆ.
ಎಸೆಯುವುದೇಕೆ ಎಂದು ಒಂದು ಪೊಟ್ಟಣ ತಂದು
ಅಮ್ಮನ ಕಪಾಟಿನ ಡಬ್ಬಿಗೆ ಸುರಿದಿದ್ದೆ,
ಹೇಳಲು ಮರೆತೆ.
ಅಮ್ಮ, ಎತೆಲ್ಕ, ಎಂಬತ್ತೊಂದು.
ಹರೆಯದಲ್ಲಿ ಅಂಗಳದ ಹೆಂಗಸರ ಜೊತೆ ಕೂತು
ಮೆಣಸು ಸೀಳಿ, ನರ ಕಿತ್ತು, ಬೀಜ ಕೊಡವಿ,
ರಾತ್ರಿ ಉರಿವ ಬೆರಳುಗಳನ್ನು
ಹಾಲಿನ ಬಟ್ಟಲಲ್ಲಿ ಅದ್ದಿಟ್ಟುಕೊಂಡೇ ನಿದ್ದೆಹೋದವಳು.

ಭಾನುವಾರ ಮೀನಿನ ಸಾರು ಮಾಡಿದಳು.
ಮಳೆಗಾಲದ ಟಿಸಾ ನದಿಯ ಬಣ್ಣ ಬಂತು ಸಾರಿಗೆ.
ಸೌಟು ಹಿಡಿದು ನನ್ನ ಮುಖ ನೋಡಿದಳು.
“ಇದರಿಂದ ಏನು ಕಿತ್ತುಕೊಂಡಿರಿ?”
“ಬಣ್ಣ.”
“ಎಲ್ಲಿಟ್ಟಿರಿ?”

ಜೇಬಲ್ಲಿ ಮಾದರಿಯ ಶೀಶೆ ಇತ್ತು, ಹೆಬ್ಬೆರಳಿನಷ್ಟು.
ಒಂದು ಹನಿ ಬಿಟ್ಟೆ.
ಸಾರಿನ ಮೇಲೆ ತೇಲುತ್ತಿದ್ದ ಜಿಡ್ಡಿನ ಕಣ್ಣುಗಳು
ಒಂದೊಂದೇ ಕೆಂಪೇರಿದವು,
ಆಮೇಲೆ ಒಟ್ಟಿಗೆ.

ಶೀಶೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.
“ನಮ್ಮಮ್ಮ, ಅವಳಕ್ಕ, ಆ ಅಂಗಳದ ತುಂಬ ಹೆಂಗಸರು,
ಕಾರ್ತಿಕದ ಚಳಿಯಂಥ ಆ ಚಳಿ,
ಇಷ್ಟೇನಾ?”
ಮುಚ್ಚಳ ಬಿಗಿಮಾಡುವ ನೆಪದಲ್ಲಿ
ನಾನು ಸುಮ್ಮನಾದೆ.

ಚಮಚ ತುಂಬಿ ತುಟಿಯ ಹತ್ತಿರ ತಂದಳು.
ಸುಡುತ್ತಿತ್ತು.
ಊದಿದಳು, ತಡೆದು ಮತ್ತೊಮ್ಮೆ ಊದಿದಳು,
ಕೆಂಪು ಸುರುಳಿ ಅಂಚಿಗೆ ಸರಿಯಿತು.
“ಉಪ್ಪು ಸಾಲದು” ಎಂದಳು.